ಖಜೂರಿಯ ಅಡ್ಡಗೋಲು, ಆಫ್ರಿಕಾದ ತೊಗರಿ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ತೊಗರಿಯ ಒಂದು ಕಾಳು ಕಚ್ಚಿ, ಇದು ಅಫಜಲಪುರದ ಹೊಳೆದಂಡೆಯದು, ಇದು ಜೇವರ್ಗಿಯ ಎರೆಮಣ್ಣಿನದು ಎಂದು ಹೇಳಬಲ್ಲೆ. ಆಳಂದದ ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ಕಾಳಿನ ಹದ ನೋಡಿದ ಹಲ್ಲುಗಳು ಇವು.

ಆ ವರ್ಷ ಸರಕಾರ ಹೊರದೇಶದ ತೊಗರಿಯ ಮೇಲಿನ ಸುಂಕ ತೆಗೆದಿತ್ತು. ಮುಂಬೈ ಬಂದರಿನಿಂದ, ಗಡಿಯೂರು ಖಜೂರಿಯ ದಾರಿ ಹಿಡಿದು, ನಮ್ಮ ಮಿಲ್ಲಿಗೆ ಒಂದು ಲಾರಿ ಆಫ್ರಿಕಾದ ತೊಗರಿ ಬಂತು. ಒಂದು ಕಾಳು ಕಚ್ಚಿದೆ. ಯಾವ ಊರೂ ನಾಲಿಗೆಗೆ ಬರಲಿಲ್ಲ.

"ಮೊದಲ ಒಂದು ಚೀಲ ಬ್ಯಾಳಿ ಮಾಡಿ ತೋರಸು," ಅಂದರು ಮಿಲ್ಲಿನ ಸಾಹುಕಾರರು. "ನುಚ್ಚಾಗಲಿಲ್ಲಂದ್ರ ಈ ಸಲ ಹಳ್ಳಿ ಮಾಲು ಬ್ಯಾಡ."

ಹಳ್ಳಿ ಮಾಲು ಅಂದರೆ ಮಾದನಹಿಪ್ಪರಗಾದ ನನ್ನ ತಂಗಿಯ ತೊಗರಿಯೂ ಹೌದು. ಪಡಸಾಲೆಯಲ್ಲಿ ಚೀಲ ಒಟ್ಟಿ, ನನ್ನ ಮಾತಿಗೆ ಕಾಯುತ್ತಿದ್ದಳು.

ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಮಿಲ್ಲಿನ ಮಾಳಿಗೆಯ ಮೇಲೆ ಹರವಿದೆ. ಮೂರು ಬಿಸಿಲು, ಅಂದರೆ ಮೂರು ದಿನ, ಒಣಗಿಸುವುದು ನಮ್ಮಲ್ಲಿ ರೂಢಿ. ಎರಡಕ್ಕೇ ಎತ್ತಿದರೆ ಸಿಪ್ಪೆ ಬಿಡದೆ ಯಂತ್ರದಲ್ಲಿ ನುಚ್ಚಾಗುತ್ತದೆ. ಎಷ್ಟು ಬಿಸಿಲಾಯಿತೆಂದು ಕೇಳುವವರು ಯಾರೂ ಇರಲಿಲ್ಲ.

ಎರಡನೆಯ ದಿನ ಬರಿಗಾಲಲ್ಲಿ ಕಾಳು ಸರಿಸುತ್ತ ನಡೆದೆ. ಸರ್ರ್ ಎಂದು ಬಂದು, ಸರ್ರ್ ಎಂದು ಹಿಂದೆ ಸರಿಯುವ ಸದ್ದು. ನಾನು ನೋಡದ ಸಮುದ್ರ ಹೀಗೇ ಇರಬೇಕು. ಒಂದು ಮೂಲೆಗೆ ಕುಳಿತೆ, ಕಣ್ಣು ಜಡವಾದವು. ಬಿಸಿಲಿನಾಚೆ ಖಜೂರಿಯ ರಸ್ತೆ, ರಸ್ತೆಗೆ ಅಡ್ಡ ಒಂದು ಉದ್ದನೆಯ ಬಿದಿರು, ಅದರ ತುದಿ ಹಿಡಿದು ನಿಂತ ನನ್ನ ಅಜ್ಜ. ನಿಜಾಮರ ಕಾಲಕ್ಕೆ ಅಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ, ಇತ್ತು. ಸುಂಕ ಕೊಟ್ಟ ಬಂಡಿಗಳಿಗೆ ಅಡ್ಡಗೋಲು ಎತ್ತುವುದೇ ಅವನ ಕೆಲಸ. ಗಡಿಯಾಚೆಯ ಸೊಲ್ಲಾಪುರದ ಹೊಸ ಸೀರೆಯನ್ನು ರಾಡಿಯಲ್ಲಿ ಅದ್ದಿ, ಹಳೆಯದೆಂದು ಉಟ್ಟುಕೊಂಡು ದಾಟುತ್ತಿದ್ದ ಹೆಂಗಸರ ಕಥೆ ಹೇಳಿ ನಗುತ್ತಿದ್ದ. "ಕೋಲು ಎತ್ತಿದ್ರ ಮಾರವ್ರು ಬೈತಾರ, ಇಳಿಸಿದ್ರ ಕೊಳ್ಳವ್ರು ಬೈತಾರ. ನನ್ನ ಕೈ ಅಷ್ಟ ನೋಯ್ತದಲೇ," ಅನ್ನುತ್ತಿದ್ದ.

ಎಚ್ಚರಾದಾಗ ಹೊತ್ತು ಇಳಿದಿತ್ತು. ಕಾಳು ತುಂಬಲು ತಂದಿದ್ದ ಖಾಲಿ ಚೀಲ ಕೈಯಲ್ಲೇ ಇತ್ತು. ಎರಡನೆಯ ಬಿಸಿಲಿಗೇ ತುಂಬಿದರೆ ಇದು ನುಚ್ಚಾಗಿ, ತಂಗಿಯ ತೊಗರಿ ಮಾರಾಟವಾಗುತ್ತಿತ್ತು. ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡೆ, ಬೆಚ್ಚಗಿದ್ದವು. ಆ ದೇಶದಲ್ಲಿ ಯಾರೋ ಒಬ್ಬಳು ಇವನ್ನೂ ಕೇರಿ ಹಸನು ಮಾಡಿರಬೇಕು. ಹದ ಕೆಡಿಸಲು ಕೈ ಬರಲಿಲ್ಲ. ಚೀಲ ಮಡಚಿಟ್ಟು ಕೆಳಗಿಳಿದೆ.

ಮೂರನೆಯ ಬಿಸಿಲಾದ ಮೇಲೆ ಕಾಳು ಯಂತ್ರದಲ್ಲಿ ಅರಳಿದಂತೆ ಒಡೆದು ಬೇಳೆಯಾಯಿತು. ಸಾಹುಕಾರರು ಬೆನ್ನು ತಟ್ಟಿದರು. "ನಮ್ಮದ ರುಚಿ ರೀ. ನಮ್ಮ ಬ್ಯಾಳಿನೂ ಜೋಡಿ ಕುದಿಸಿ ನೋಡ್ರಿ," ಅಂದೆ. ಕುದಿಸಿದರು. ನಮ್ಮದು ಮೊದಲು ಕರಗಿತು. ನಮ್ಮದನ್ನೇ ಎರಡು ಸಲ ಬಡಿಸಿಕೊಂಡು ಉಂಡು, ಅಗ್ಗವೆಂದು ಆಫ್ರಿಕಾದ್ದನ್ನೇ ಮತ್ತೊಂದು ಲಾರಿ ತರಿಸಿದರು.

ಆಫ್ರಿಕಾದ ಆ ಬೇಳೆಯನ್ನೇ ಒಂದು ಸೇರು ಕಟ್ಟಿಕೊಂಡು ತಂಗಿಯ ಊರಿಗೆ ಹೋದೆ. ಮಾಳಿಗೆಯ ಮೇಲೆ ನಡೆದುದನ್ನೆಲ್ಲ ಹೇಳಿದೆ. ಅವಳು ಅದನ್ನೇ ಬೇಯಿಸಿ, ರೊಟ್ಟಿಯ ಜೊತೆ ಇಟ್ಟಳು.

"ಹೊರದೇಶದವ್ರ ಕಾಳಿಗಿ ಮೂರು ಬಿಸಿಲು ಕೊಟ್ಟಿ. ನನಗೇನ್ ಕೊಟ್ಟಿ, ಅಣ್ಣಾ?"

"ನಮ್ಮದ ರುಚಿ ಅಂತ ಹೇಳೇನಿ ಬೇ."

"ಹೇಳಿದ ಮ್ಯಾಲ ಏನ್ ಮಾಡಿದ್ರು?"

"ಉಂಡ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಡಸಾಲೆಯಲ್ಲಿ ಅವಳ ಚೀಲಗಳು ಗೋಡೆಗೆ ಒರಗಿಯೇ ಇದ್ದವು. ನಾನು ಅವಕ್ಕೆ ಬೆನ್ನು ಕೊಟ್ಟು ಉಂಡೆ.