ತಲೆ ಮುಳುಗದ ತಿರುಪು

ಮಧುಗಿರಿ ಕೋಟೆಯ ಬುಡದಲ್ಲಿ ಬೀಗ, ಲಾಟೀನು, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಕದರಪ್ಪನಿಗೆ ಬೆರಳ ತುದಿಯೇ ಕಣ್ಣು. ಹನ್ನೊಂದು ವರ್ಷ ಕೋಲಾರದ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ದುಡಿದು, ಎಡಗಿವಿ ಕೇಳದಾದ ಮೇಲೆ ಊರಿಗೆ ಮರಳಿದವನು. ಬರುವಾಗ ತಂದದ್ದು ಒಂದು ಡಬ್ಬಿ ತಿರುಪು ಮತ್ತು ಒಂದು ಹಠ. ಲೋಹಕ್ಕೆ ಲೋಹ ಕೂಡಿಸಿದರೆ ತಿರುಪಿನ ತಲೆ ತನ್ನ ಕುಳಿಯೊಳಗೆ ಮುಳುಗಿ ತಗಡಿಗೆ ಸಮವಾಗಿ ಕೂರಬೇಕು. ಗುಂಡುತಲೆಯ ತಿರುಪು ಕಂಡರೆ, “ಕಪ್ಪೆ ಕುಂತಂಗೆ ಕುಂತದೆ ನೋಡು” ಎಂದು ಮುಖ ಸಿಂಡರಿಸುವನು. ಕೆಲಸ ಮುಗಿದ ಮೇಲೆ ಒಂದು ಚೂರು ಕುರಿಯುಣ್ಣೆಯನ್ನು ತಗಡಿನ ಮೇಲೆ ಎಳೆಯುವನು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಎಲ್ಲ ಬಿಚ್ಚಿ ಮತ್ತೆ ಶುರು.

“ಬ್ಯಾರೆ ಗಂಡಸ್ರು ಹೆಂಡ್ತಿ ಕೆನ್ನೆ ಸವರ್ತಾರೆ, ನಮ್ಮನೇರು ತಗಡು ಸವರ್ತಾರೆ,” ಎನ್ನುವಳು ಅವನ ಹೆಂಡತಿ ಬೊಮ್ಮಕ್ಕ. ಅದು ಅವನ ಬಲಗಿವಿಗೆ ಬೀಳುವ ಹಾಗೆಯೇ ಎನ್ನುವಳು.

ಎರಡನೆಯ ಮಹಾಯುದ್ಧದ ಆರನೆಯ ವರ್ಷ. ಆಯುಧಪೂಜೆ ಕಳೆದು ನಾಲ್ಕು ದಿನವಾಗಿತ್ತು. ಬಡವನಹಳ್ಳಿ ಕಡೆಯ ಕುರಿಹಟ್ಟಿಯಿಂದ ಪುಟ್ಟಕ್ಕ ಎಂಬವಳು ಮಗಳನ್ನು ಸೊಂಟದಲ್ಲಿಟ್ಟುಕೊಂಡು ನಡೆದೇ ಬಂದಳು. ಮಗಳು ಗಿರಿಯಮ್ಮನಿಗೆ ನಾಲ್ಕು ತುಂಬಿತ್ತು. ಜ್ವರ ಬಂದು ಹೋದ ಮೇಲೆ ಅವಳ ಎಡಗಾಲು ಒಣಗಿದ ಬಳ್ಳಿಯ ಹಾಗೆ ಜೋತಾಡುತ್ತಿತ್ತು. ಪುಟ್ಟಕ್ಕ ಸೆರಗಿನ ಗಂಟು ಬಿಚ್ಚಿದಳು. ಕಾಲಿನ ಎರಡು ಮಗ್ಗುಲಿಗೆ ಎರಡು ಕಬ್ಬಿಣದ ಪಟ್ಟಿ, ತೊಡೆಗೂ ಮೀನಖಂಡಕ್ಕೂ ಸುತ್ತುವ ತಗಡು, ಬಿಗಿಯಲು ತೊಗಲಿನ ವಾರು. ಬೆಂಗಳೂರಿನ ಆಸ್ಪತ್ರೆಯವರು ಕೊಟ್ಟದ್ದು. ಇದನ್ನು ಕಟ್ಟಿಕೊಂಡು ಗಿರಿಯಮ್ಮ ಎರಡು ತಿಂಗಳು ಗೋಡೆ ಹಿಡಿದು ನಡೆದಿದ್ದಳು. ಈಗ ಎಲ್ಲ ಬಿಡಿಬಿಡಿ.

“ಇದನ್ಯಾಕಮ್ಮ ಬಿಚ್ಚಿದ್ರಿ?”

“ನಮ್ಮಾವ ಅಂದ್ರು ಕಣಣ್ಣ. ಕುರಿ ಕತ್ರಿಗೆ, ಮಚ್ಚಿಗೆ, ಕುಡ್ಲಿಗೆಲ್ಲ ಪೂಜೆ ಮಾಡ್ತೀವಿ, ಕೂಸನ್ನ ನಿಲ್ಸೋ ಕಬ್ಣಕ್ಕೆ ಬ್ಯಾಡ್ವಾ ಅಂತ. ಹುಣ್ಸೆಹಣ್ಣಾಕಿ ತಿಕ್ಕಿ ಒಂದೊಂದು ಇಸ್ಕ್ರೂಗೂ ಕುಂಕ್ಮ ಇಟ್ವಿ. ಮಾರ್ನೆ ದಿನ ಹೂವೆಲ್ಲ ಬಾಚಿ ಬಾವಿಗೆ ಹಾಕ್ಬುಟ್ಟೆ. ಆಮ್ಯಾಕೆ ನೋಡ್ತೀನಿ, ಎಂಟ್ರಾಗೆ ಐದೇ ಅವೆ.”

“ಬಾವಿಗೆ ಇಳೀಲಿಲ್ವಾ ಯಾರೂವೆ?”

“ಇಳುದ್ರು. ಮೂರಾಳು ನೀರು, ಕೆಳಗೆ ಕೆಸರು. ನಮ್ಮತ್ತೆ ಕಾಲದ ಚೊಂಬು ಸಿಕ್ತು, ಅಷ್ಟೇಯ.”

ಕದರಪ್ಪನಿಗೆ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡ. ಒಂದು ತಿಂಗಳು ಕಬ್ಬಿಣ ಕಟ್ಟದಿದ್ದರೆ ಕಾಲು ಮಡಚಿ ಸೆಟೆದುಕೊಳ್ಳುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಅದನ್ನು ಮೂರು ಸಲ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಮಗುವಿನ ಮಂಡಿಯನ್ನು ನೀವಿ ನೆಟ್ಟಗೆ ಮಾಡುತ್ತಿದ್ದಳು.

ಕದರಪ್ಪ ತಿರುಪಿನ ಡಬ್ಬಿಯನ್ನು ಗೋಣಿಯ ಮೇಲೆ ಸುರಿದ. ಈ ರಂಧ್ರದೊಳಗಿನ ಸಣ್ಣ ಸುತ್ತುಗಳಿಗೆ ಹೊಂದುವ ಗುಂಡುತಲೆಯ ತಿರುಪುಗಳೂ ಅದರಲ್ಲಿರಲಿಲ್ಲ. ರಂಧ್ರಕ್ಕೆ ಹತ್ತಿದ್ದು ಮೂರೇ. ಸೋಲ್ಜರುಗಳ ಅಮೆರಿಕಾ ಲಾರಿಯ ಗುಜರಿಯಿಂದ ಬಂದ ಚಪ್ಪಟೆತಲೆಯವು. ಅವುಗಳ ತಲೆಯ ಇಳಿಜಾರು ಕಡಿದಾದದ್ದು, ತಗಡಿನ ಕುಳಿಯ ಇಳಿಜಾರು ಅಗಲ. ತಿರುಪು ಬುಡದಲ್ಲಿ ಕಚ್ಚಿಕೊಂಡಿತು. ತಲೆ ಮಾತ್ರ, ಕಾಲಿನ ಚರ್ಮಕ್ಕೆ ತಾಗುವ ಒಳಮೈಯಲ್ಲಿ, ಕೂದಲೆಳೆಯಷ್ಟು ಮೇಲೆ ನಿಂತಿತು. ಉಣ್ಣೆ ಎಳೆದ. ಸಿಕ್ಕಿಕೊಂಡಿತು.

“ಅರದಾಗೆ ಉಜ್ಬುಡಣ್ಣ.”

“ಉಜ್ಜಿದ್ರೆ ತಲೆ ಮೇಲಿನ ಗೀಟು ಹೋಯ್ತದೆ ಕಣವ್ವ. ಬಿಗಿಯೋದೆಂಗೆ?”

“ಕುಳಿ ಇನ್ನೊಸಿ ಆಳ ತೋಡು.”

“ತಗಡು ತೆಳ್ಳಗದೆ. ತೋಡುದ್ರೆ ತಲೆ ಆಚಿಂದೀಚೆಗೆ ಕಿತ್ಕೊಂಡ್ ಬತ್ತದೆ. ದಪ್ಪ ತಗಡಾಕಿದ್ರೆ ನಿನ್ ಮಗಳು ಕಾಲೆತ್ತಕ್ಕಾಗಲ್ಲ.”

ಬಿಚ್ಚಲಾಗದ ಗುಬ್ಬಿಮೊಳೆ ಬಡಿದುಬಿಡೋಣವೆಂದರೆ ಮಗು ಬೆಳೆದಂತೆ ಪಟ್ಟಿ ಬಿಚ್ಚಿ ಉದ್ದ ಮಾಡಬೇಕು. ಹೊಸ ತಿರುಪು ಮಾಡೋಣವೆಂದರೆ ಅಷ್ಟು ಸಣ್ಣ ಸುತ್ತು ಕೊರೆಯುವ ಅಚ್ಚು ಅವನಲ್ಲಿಲ್ಲ. ಕೋಲಾರಕ್ಕೆ ಕಾಗದ ಬರೆದ. ಇದ್ದಬದ್ದ ಸಾಮಾನೆಲ್ಲ ಯುದ್ಧದ ಪಾಲಾಗಿದೆ ಎಂದು ಹಳೆಯ ಗೆಳೆಯನ ಉತ್ತರ ಬಂತು. ಸಿರಾದ ಸಾಬರ ಕಬ್ಬಿಣದ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದ. ಪುಟ್ಟಕ್ಕನೂ ಬೆಂಗಳೂರಿಗೆ ಹೋಗಿ ಬಂದಳು. ಹೊಸ ತಿರುಪು ಇಂಗ್ಲೆಂಡಿನಿಂದ ಬರುವ ತನಕ ಕಾಯಿರಿ ಎಂದರಂತೆ ಆಸ್ಪತ್ರೆಯವರು. ಇಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು.

ಕೊನೆಗೆ ಉಳಿದದ್ದು ಆಯ್ಕೆಯೊಂದೇ. ಸಮವಾಗಿ ಕೂರುವ ಐದು ಎಲ್ಲಿಗೆ, ಕೂರದ ಮೂರು ಎಲ್ಲಿಗೆ? ಕದರಪ್ಪ ಮಗುವಿನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದ. ಮಂಡಿಯ ಮೂಳೆ, ತೊಡೆಯೊಳಗಿನ ಮೆತ್ತನೆಯ ಚರ್ಮ, ಮೀನಖಂಡ. ಕಬ್ಬಿಣವನ್ನು ಇಷ್ಟು ಹೊತ್ತು ಸವರಿದವನಲ್ಲ ಅವನು. ಗಿರಿಯಮ್ಮ ಅವನ ಕಿವಿಯೊಳಗೆ ಇಣುಕಿ, “ಇದ್ರಾಗೆ ಏನೈತೆ ತಾತ?” ಎಂದಳು.

“ಗಣಿ ಸದ್ದು ತುಂಬ್ಕೊಂಡದೆ ಕಣ್ ಮಗಳೇ.”

ತೊಡೆಗೆ, ಮಂಡಿಗೆ ಒಳ್ಳೆಯವನ್ನು ಹಾಕಿದ. ಕೆಟ್ಟವು ಮೀನಖಂಡದ ಹೊರಮಗ್ಗುಲಿಗೆ ಹೋದವು. ಅಲ್ಲಿ ಚರ್ಮ ಗಟ್ಟಿಯೆಂದು ಅವನ ಬೆರಳಿಗೆ ಅನ್ನಿಸಿತ್ತು.

ಬೆರಳು ಮೋಸಹೋಯಿತು. ಒಣಗಿದ ಕಾಲಿನ ಚರ್ಮ ಗಟ್ಟಿಯಲ್ಲ, ಬರೀ ತಣ್ಣಗಿತ್ತು. ಎಂಟನೆಯ ದಿನ ಪುಟ್ಟಕ್ಕ ಮತ್ತೆ ಬಂದು, ಹಚ್ಚಿದ್ದ ಬೆಣ್ಣೆಯನ್ನು ಒರೆಸಿ ತೋರಿಸಿದಳು. ಮೂರು ತಿರುಪಿಗೆ ಮೂರು ಹುಣ್ಣು. ಒಂದರಲ್ಲಿ ಕೀವು.

“ಬಟ್ಟೆ ಸುತ್ಲಿಲ್ವಾ ತಾಯಿ?”

“ಸುತ್ತಿದ್ರೆ ಬಿಗಿಯಾಗಿ ಪಾದ ನೀಲಿ ಆಯ್ತದೆ. ವಾರು ಸಡ್ಲ ಬುಟ್ರೆ ಬಟ್ಟೆ ಜಾರ್ತದೆ.” ಅವಳು ಮಗುವಿನ ಮಂಡಿಯನ್ನು ಮತ್ತೆ ನೀವಿದಳು. “ಕಟ್ಟಿದ್ರೆ ಹುಣ್ಣು. ಬಿಚ್ಚಿದ್ರೆ ಕಾಲು ಸೆಟಿತದೆ. ನೀನೇ ಹೇಳಣ್ಣ, ಕಟ್ಲಾ, ಬ್ಯಾಡ್ವಾ?”

ಕದರಪ್ಪ ತಿರುಪುಳಿ ಎತ್ತಿಕೊಂಡ, ಕೆಳಗಿಟ್ಟ. ಆ ಮೂರನ್ನು ತೆಗೆದು ಐದರಲ್ಲೇ ನಿಲ್ಲಿಸಿ ನೋಡಿದ. ಕೆಳಗಿನ ತಗಡು ಬಾಗಿಲಿನಂತೆ ತೆರೆದುಕೊಂಡು ಮಗು ಮುಗ್ಗರಿಸಿತು. ಮತ್ತೆ ಹಾಕಿದ. ಬೊಮ್ಮಕ್ಕ ಒಳಗಿನಿಂದ ಬಂದು ನೀರಿನ ಚೊಂಬು ಇಟ್ಟು ಹೋದಳು.

“ನಂಗೆ ಗೊತ್ತಿಲ್ಲ ಕಣವ್ವ,” ಎಂದ ಅವನು. ಆ ಅಂಗಡಿಯಲ್ಲಿ ಕೂತು ಅವನು ಆಡಿದ ಅಂಥ ಮಾತು ಅದೇ ಮೊದಲು.

ಪುಟ್ಟಕ್ಕ ಬಹಳ ಹೊತ್ತು ಕಾಯಲಿಲ್ಲ. ವಾರನ್ನು ಒಂದು ತೂತು ಸಡಿಲ ಮಾಡಿ, ತನ್ನ ಮೂರು ಬೆರಳುಗಳನ್ನು ತಗಡಿಗೂ ಮಗುವಿನ ಚರ್ಮಕ್ಕೂ ನಡುವೆ ತೂರಿಸಿದಳು, ಒಂದೊಂದು ತಿರುಪಿನ ತಲೆಗೆ ಒಂದೊಂದು. “ನಡಿ ಮಗ,” ಎಂದಳು. ಗಿರಿಯಮ್ಮ ಹೆಜ್ಜೆ ಇಟ್ಟಳು. ತಾಯಿ ನೆಲಕ್ಕೆ ಬಾಗಿ, ಕುಕ್ಕರಗಾಲಲ್ಲಿ ಪಕ್ಕಪಕ್ಕಕ್ಕೆ ಸರಿಯುತ್ತ ಹೋದಳು. ದಿನಕ್ಕೆ ನೂರು ಹೆಜ್ಜೆ ನಡೆಸಬೇಕು ಎಂದಿದ್ದರು ಡಾಕ್ಟರು. ಅಂಗಡಿಯಿಂದ ಎದುರಿನ ಹುಣಸೆಮರದವರೆಗೆ ಹನ್ನೆರಡು ಹೆಜ್ಜೆಯಾಗುವಷ್ಟರಲ್ಲಿ ಪುಟ್ಟಕ್ಕನ ಬೆರಳುಗಳು ಕೆಂಪಾಗಿದ್ದವು. ಅವಳು ಕೈ ತೆಗೆಯದೆ, “ಇನ್ನೊಂದು ಮಗ, ಇನ್ನೊಂದು,” ಎನ್ನುತ್ತಿದ್ದಳು. ಕದರಪ್ಪ ನೋಡುತ್ತ ನಿಂತಿದ್ದ. ಅವನ ಬೆರಳುಗಳು ಹೆಜ್ಜೆ ಎಣಿಸುತ್ತಿದ್ದವು: ಹದಿಮೂರು, ಹದಿನಾಲ್ಕು.