ನಕ್ಷೆಯಿಂದ ಅಳಿಸಿದ ಹಳ್ಳ

ಟೀಚರ್ ಸೀರೆಯ ಅಂಚಿಗೆ ಯಾವಾಗಲೂ ಹುಲ್ಲಿನ ಮುಳ್ಳು ಅಂಟಿಕೊಂಡಿರುತ್ತಿತ್ತು. ಪಾಠ ಮಾಡುತ್ತಲೇ ಒಂದೊಂದನ್ನು ಕಿತ್ತು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಹೈದರಾಬಾದಿನ ನಮ್ಮ ಕನ್ನಡ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ಕೆಲವು ಭಾನುವಾರ ನಮ್ಮನ್ನು ಬಸ್ಸಿಗೆ ಹತ್ತಿಸಿಕೊಂಡು ಊರಾಚೆಯ ಹುಲ್ಲುಗಾವಲಿಗೆ ಹೊರಡುತ್ತಿದ್ದರು. ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆಗೆ ಸೇರುವ ಹಳ್ಳ ಅಲ್ಲೇ ಹುಟ್ಟುತ್ತಿತ್ತು. ಆ ಹಳ್ಳ ಉಳಿಯಲೆಂದೇ ಆ ನೆಲದಲ್ಲಿ ಏನೂ ಕಟ್ಟಬಾರದೆಂದು ಸರ್ಕಾರವೇ ಆದೇಶ ಮಾಡಿತ್ತು. “ನೆಲ ನೋಡಿ ನಕ್ಷಿ ಬರೀರಿ, ಪುಸ್ತಕ ನೋಡಿ ಅಲ್ಲ,” ಎನ್ನುವರು. ನನಗೆ ನಕ್ಷೆ ಬರೆಯಲು ಕಲಿಸಿದವರು ಅವರೇ. ಅದೇ ಮುಂದೆ ನನಗೆ ಅನ್ನ ಕೊಟ್ಟಿತು.

ರಿಂಗ್ ರೋಡ್ ಬಂದ ಮೇಲೆ ಆ ಹುಲ್ಲುಗಾವಲಿನಲ್ಲಿ ಪೆಟ್ರೋಲ್ ಬಂಕ್, ಹೋಟೆಲು, ಲಾರಿ ನಿಲ್ಲಿಸುವ ಜಾಗ ಎಲ್ಲ ಸೇರಿದ ತಂಗುದಾಣ ಕಟ್ಟುವ ಯೋಜನೆ ಸಿದ್ಧವಾಯಿತು. ನಕ್ಷೆಯ ಕೆಲಸ ನಾನಿದ್ದ ಕಚೇರಿಗೇ ಸಿಕ್ಕಿತು. “ಆ ಹಳ್ಳ ತೆಗೀರಿ, ಅದು ಬರೇ ಮಳಿಗಾಲದ ಗಟಾರ,” ಎಂದರು ನಮ್ಮ ಸಾಹೇಬರು. ತೆಗೆದೆ.

ಜನರ ಅಭಿಪ್ರಾಯ ಕೇಳುವ ಸಭೆ ಹುಲ್ಲುಗಾವಲಿನಲ್ಲೇ ಶಾಮಿಯಾನದ ಕೆಳಗೆ ನಡೆಯಿತು. ಆಗಲೇ ನಿವೃತ್ತರಾಗಿದ್ದ ಟೀಚರ್ ಅಲ್ಲಿಯ ಕುರಿ ಕಾಯುವವರ ಜೊತೆ ಬಂದಿದ್ದರು.

“ನೀವಿರೋದು ಊರೊಳಗೆ, ದಿಲ್‌ಸುಖ್‌ನಗರದಲ್ಲಿ. ಇಲ್ಲಿ ನಿಮಗೇನು ಕೆಲಸ ಮೇಡಂ?” ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದರು.

“ನಾನು ಕುಡಿಯೋದು ಇಲ್ಲಿಯ ನೀರು,” ಎಂದು ಟೀಚರ್ ತೆಲುಗಿನಲ್ಲೇ ಉತ್ತರಿಸಿದರು. ಆಮೇಲೆ ತೂಗುಹಾಕಿದ್ದ ನಕ್ಷೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ನನ್ನ ಹೆಸರಿತ್ತು. ತಿರುಗಿ ನನ್ನನ್ನು ಹುಡುಕಿ, ಕನ್ನಡದಲ್ಲಿ ಕೇಳಿದರು: “ಅಕ್ಷರ ಭಾಳ ಚಂದ ಅದಾವ. ಹಳ್ಳ ಎಲ್ಲಿಟ್ಟಿ?”

ನಾನು ನಕ್ಷೆಯನ್ನು ಇಳಿಸಿ ಸುತ್ತಿಟ್ಟೆ. ಯೋಜನೆಗೆ ಅನುಮತಿ ಸಿಕ್ಕಿತು.

ಟೀಚರ್ ನ್ಯಾಯಾಲಯಕ್ಕೆ ಹೋದರು. ತಂಗುದಾಣದ ಮಾಲೀಕರು ಕಾವಲುಗಾರರ ಕೆಲಸದ ಆಸೆ ತೋರಿಸಿದ್ದೇ ತಡ, ಕುರಿ ಕಾಯುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವರನ್ನು ಟೀಚರ್ ಒಮ್ಮೆಯೂ ಬೈಯಲಿಲ್ಲ. ಒಂದು ಸಂಜೆ ನನ್ನ ಮನೆಗೆ ಬಂದರು.

“ಹಳ್ಳ ಐತಿ, ನಾನ ಅಳಿಸೀನಿ ಅಂತ ಬರದು ಕೊಡು. ಅರ್ಜಿಯೊಳಗ ನಿನ್ನ ಹೆಸರೂ ಇರಲಿ. ನನ್ನ ಎದಿ ಸರಿ ಇಲ್ಲ ಅಂತ ಡಾಕ್ಟರು ಹೇಳ್ಯಾರ.”

“ಮನ್ಯಾಗ ಕೇಳಿ ಹೇಳತೀನ್ರಿ ಟೀಚರ್,” ಎಂದೆ.

ಚಹಾ ತಂದ ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. “ನಂದೇನೂ ತಕರಾರಿಲ್ಲ. ಬರದು ಕೊಡ್ರಿ,” ಎಂದಳು.

ಆದರೂ ನಾನು ಬರೆದುಕೊಡಲಿಲ್ಲ. ಟೀಚರ್ ಚಹಾ ಪೂರ್ತಿ ಕುಡಿದು, ಅವಳಿಗಷ್ಟೇ ‘ಬರ್ತೀನಿ’ ಎಂದು ಹೇಳಿ ಹೋದರು.

ಅರ್ಜಿ ವಿಚಾರಣೆಗೆ ಬರುವ ಮೊದಲೇ ಅವರು ತೀರಿಕೊಂಡರು. ಅರ್ಜಿದಾರರೇ ಇಲ್ಲವೆಂದು ಪ್ರಕರಣ ಮುಗಿಯಿತು. ತಂಗುದಾಣ ಎದ್ದಿತು. ಮೊದಲ ದೊಡ್ಡ ಮಳೆಗೇ ಲಾರಿಗಳ ಜಾಗದಲ್ಲಿ ಮೊಣಕಾಲುದ್ದ ನೀರು. ಈ ನೀರು ಎಲ್ಲಿಂದ ಬರುತ್ತದೆಂದು ತೋರಿಸುವ ನಕ್ಷೆ ಬೇಕೆಂದು ಮಾಲೀಕರು ನಮ್ಮ ಕಚೇರಿಯನ್ನೇ ಕೇಳಿದರು. ಟೀಚರ್ ಬೇಡಿದಾಗ ಕೊಡದ ನಿಜವನ್ನು ನಾನು ಮಾಲೀಕರಿಗೆ ಕೊಟ್ಟೆ. ಹಳ್ಳದ ಒಂದು ತಿರುವನ್ನೂ ಬಿಡದೆ ಬರೆದೆ. ಅದನ್ನೇ ಹಿಡಿದುಕೊಂಡು ಅವರು ಇಡೀ ಹಳ್ಳಕ್ಕೆ ಪೈಪು ಹಾಕಿ, ಮೇಲೆ ಕಾಂಕ್ರೀಟು ಸುರಿದರು.