ಕಾಗೆ ಕರೆದ ಶುಕ್ರವಾರ

2015ರ ಏಪ್ರಿಲ್. ನಾವು ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದೆವು. ಅಮ್ಮನ ತಿಥಿ ಆ ವರ್ಷ ಶುಕ್ರವಾರವೇ ಬಂದಿತ್ತು. ಅಲ್ಲಿ ಶುಕ್ರವಾರ ವಾರದ ರಜೆ, ಬೇರೆ ರಜೆ ಹಾಕುವ ತಾಪತ್ರಯ ಇಲ್ಲ ಅಂತ ಖುಷಿಪಟ್ಟೆ. ಆ ಖುಷಿ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಊರಿನ ಕ್ರಮ ನಿಮಗೆ ಗೊತ್ತು. ಕಾಗೆ ಎಡೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಬಾಲ್ಕನಿಯಲ್ಲಿ ಹಕ್ಕಿಗೆ ಅನ್ನ ಇಡಬಾರದು ಅಂತ ಬಿಲ್ಡಿಂಗ್‌ನವರು ನೋಟಿಸ್ ಅಂಟಿಸಿದ್ದರು. "ಹಿಂದೆ ಖಾಲಿ ಜಾಗ ಉಂಟಲ್ಲ ಮಾರಾಯ, ಅಲ್ಲಿಡುವ" ಅಂತ ಕೆಳಗಿನ ಫ್ಲ್ಯಾಟಿನ ಸುಧಾಕರಣ್ಣ ನನ್ನ ಜೊತೆಗೇ ಬಂದರು. ಅವರೂ ನಮ್ಮ ಉಡುಪಿ ಕಡೆಯವರು.

ಬಾಳೆ ಎಲೆ ಹಿಡಿದು ಮರಳಿಗೆ ಕಾಲಿಟ್ಟೆವೋ ಇಲ್ಲವೋ, ನಮ್ಮ ಸೆಕ್ಯುರಿಟಿ ಪೀಟರ್ ಓಡಿ ಬಂದ. ಕೀನ್ಯಾದವನು. "ಸರ್, ಖಾನಾ ಮಾಫಿ! ಇಲ್ಲಿ ಊಟ ಹಾಕಬೇಡಿ" ಅಂದ. ಕೈ ತೋರಿಸಿದ ಕಡೆ ಸುತ್ತಲೂ ಕಲ್ಲು ಜೋಡಿಸಿಟ್ಟಿದ್ದ. ನಡುವೆ ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ. ನಮ್ಮೂರ ಗದ್ದೆಯಲ್ಲಿ ಕಿರುಚುವ ಅದೇ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತಿತ್ತು.

ಅವನ ಹಳ್ಳಿ ಒಂದು ನ್ಯಾಷನಲ್ ಪಾರ್ಕಿನ ಪಕ್ಕದಲ್ಲಂತೆ. ಎಲ್ಲಿ ನೋಡಿದರೂ ಹುಲ್ಲುಗಾವಲು. ಅಲ್ಲಿ ಪಾರ್ಕಿನವರು ಒಣಹುಲ್ಲು ಸುಡುವ ಮೊದಲು ಇವನು ಮುಂದೆ ನಡೆದು ನೆಲದ ಗೂಡುಗಳನ್ನು ಹುಡುಕಿ ಸುತ್ತ ಕಲ್ಲಿಡಬೇಕಿತ್ತು. ಹಿಂದೆ ಬರುವವರು ಅಷ್ಟು ಜಾಗದ ಹುಲ್ಲು ಕಿತ್ತು, ಬೆಂಕಿ ಬರದ ಹಾಗೆ ಮಾಡುತ್ತಿದ್ದರಂತೆ. "ಅಲ್ಲಿ ಬೆಂಕಿ ಬರುತ್ತೆ, ಇಲ್ಲಿ ಗಾಡಿ ಬರುತ್ತೆ ಸರ್. ಗಾಡಿ ಕಲ್ಲು ನೋಡಿ ನಿಲ್ಲುತ್ತೆ. ಆದರೆ ಅನ್ನ ಹಾಕಿದರೆ ಕಾಗೆ ಬರುತ್ತೆ."

"ನನಗೆ ಕಾಗೆಯೇ ಬೇಕು!" ಅಂತ ರೇಗಿದೆ. "ನನ್ನ ಅಮ್ಮನ ಊಟ ಇದು. ತಡೆಯೋಕೆ ನೀನ್ಯಾರು?" ಮನೆಯಲ್ಲಿ ಹೆಂಡತಿ, ಮಕ್ಕಳು ಹಸಿದು ಕೂತಿದ್ದರು.

"ಸೆಕ್ಯುರಿಟಿಯವನ ಹತ್ರ ಎಂತ ಪಂಚಾಯ್ತಿ? ಇಡು ನೀನು" ಅಂದರು ಸುಧಾಕರಣ್ಣ. ಇಪ್ಪತ್ತು ಹೆಜ್ಜೆ ಆಚೆ ಎಲೆ ಇಟ್ಟೆ. ಕೈ ಮುಗಿದು ಕಾ ಕಾ ಅಂತ ನಾನೇ ಕರೆದೆ.

ಒಂದು ಬಂತು, ಆಮೇಲೆ ಐದಾರು ಬಂದವು. "ಅಮ್ಮನಿಗೆ ತೃಪ್ತಿ ಆಯ್ತು ನೋಡು" ಅನ್ನುತ್ತಿದ್ದರು ಸುಧಾಕರಣ್ಣ. ಅಷ್ಟರಲ್ಲಿ ಎರಡು ಕಾಗೆ ಕಲ್ಲಿನೊಳಗೆ ಇಳಿದವು. ಟಿಟ್ಟಿಭ ಎರಗಿ ಎರಗಿ ಬಂತು. ಪೀಟರ್ ಟೋಪಿ ಬೀಸುತ್ತಾ ಓಡಿದ, ನಾನೂ ಚಪ್ಪಲಿ ಎಸೆದೆ. ಒಂದನ್ನು ಓಡಿಸಿದರೆ ಇನ್ನೊಂದು ಇಳಿಯುತ್ತಿತ್ತು. ಒಂದು ಮೊಟ್ಟೆಯೂ ಉಳಿಯಲಿಲ್ಲ.

"ಹಕ್ಕಿ ಅಲ್ವಾ, ಇನ್ನೊಮ್ಮೆ ಇಡ್ತದೆ. ಬಾ, ಊಟಕ್ಕೆ ಹೊತ್ತಾಯ್ತು" ಅಂದರು ಸುಧಾಕರಣ್ಣ. ನನಗೆ ಮೈಯೆಲ್ಲ ಉರಿಯಿತು. "ನಾಚಿಕೆ ಆಗುದಿಲ್ವಾ ನಿಮಗೆ?" ಅಂತ ಕೂಗಿದೆ. ಅವರು ತಣ್ಣಗೆ ಕೇಳಿದರು: "ಎಲೆ ಇಟ್ಟದ್ದು ನಾನಾ, ನೀನಾ?"

ಥೂ, ಎಂಥ ಜನ್ಮ ನನ್ನದು!

ಪೀಟರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ನಿಮ್ಮ ಅಮ್ಮ ಊಟ ಮಾಡಿದರಾ, ಸರ್?" ಕುಹಕ ಇರಲಿಲ್ಲ. ಅವನು ನಿಜವಾಗಿಯೂ ಕೇಳಿದ್ದ.

ಅಮ್ಮ ಕೋಳಿ ಸಾಕುತ್ತಿದ್ದಳು. ಕಾವಿಗೆ ಕೂತ ಕೋಳಿಯ ಹತ್ತಿರ ಹೋದರೆ ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಅವಳ ಹೆಸರಿನಲ್ಲಿ ನಾನು ಮಾಡಿದ್ದು ಇದು. ಆಮೇಲೆ ನಾನು ತಿಥಿಗೆ ಕಾಗೆ ಕರೆದಿಲ್ಲ. ಪೀಟರ್ ಕೇಳಿದ್ದಕ್ಕೆ ಉತ್ತರ ನನಗೆ ಅವತ್ತೇ ಗೊತ್ತಿತ್ತು. ಆ ಎಲೆಯಿಂದ ನನ್ನ ಅಮ್ಮ ಒಂದು ಅಗುಳನ್ನೂ ಮುಟ್ಟುತ್ತಿರಲಿಲ್ಲ.